ಕಪ್ಪು ಪರದೆಗೊಂದು ಕಿರೀಟ

ಜೂನ್ 22

ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ನಾನು ಮೌನಿ. ವೈರಾಗ್ಯ ಬಂದಿದ್ದಕ್ಕಲ್ಲ, ಗಂಟಲಿನ ಡಾಕ್ಟರ ಅಪ್ಪಣೆ. ಧ್ವನಿತಂತುವಿನ ಮೇಲೆ ಸಾಸಿವೆಗಿಂತ ಕೊಂಚ ದೊಡ್ಡದೊಂದು ಗಂಟು ಬೆಳೆದಿತ್ತು. ನಿನ್ನೆ ಅದನ್ನು ಕತ್ತರಿಸಿ ತೆಗೆದರು. ಇನ್ನು ಮೂರು ವಾರ ಮಾತಿಲ್ಲ. ಪಿಸುಮಾತು ಮಾತಿಗಿಂತ ಕೆಟ್ಟದ್ದಂತೆ, ಅದೂ ಇಲ್ಲ. ಕೆಮ್ಮಿಗೆ ವಿನಾಯಿತಿ ಉಂಟು, ತೀರಾ ಅನಿವಾರ್ಯವಾದಲ್ಲಿ.

ಬೇರೆ ಯಾರಿಗಾದರೂ ಇದು ಸಣ್ಣ ಶಿಕ್ಷೆ. ನನಗೆ ಗಡೀಪಾರು. ಹತ್ತೊಂಬತ್ತು ವರ್ಷದ ಈ ದೇಹದಲ್ಲಿ ಸೋಮಾರಿಯಲ್ಲದ ಅಂಗ ಒಂದೇ, ಗಂಟಲು. ಅದರೊಳಗೆ ಹಾಲಿನವನಿದ್ದಾನೆ, ವಿಮೆಯ ಏಜೆಂಟ್ ಇದ್ದಾನೆ, ಕೆಳಗಿನ ಮನೆಯ ಮುದುಕರ ಸೀನು ಇದೆ, ಅರ್ಧಕ್ಕೆ ನಿಲ್ಲುವ ಲಿಫ್ಟ್ ಇದೆ, ತೊಟ್ಟಿಲ ಮಗು ಇದೆ. ಇವರನ್ನೆಲ್ಲ ಒಟ್ಟಿಗೆ ಕೇಳಿದ ಬಾನುಲಿ ಕೇಂದ್ರದ ನಿರ್ದೇಶಕರು ಬೆಳಗಿನ ಹೊತ್ತು ಹತ್ತು ನಿಮಿಷದ ಕೀಟಲೆ ಕಾರ್ಯಕ್ರಮ ಕೊಡುತ್ತೇನೆ ಅಂದಿದ್ದರು. ಗಂಟು ಪತ್ತೆಯಾದದ್ದು ಅದರ ಮುಂದಿನ ವಾರ. ಜುಲೈ ನಡುವಿನ ತನಕ ಕಾಯುತ್ತಾರಂತೆ.

"ಮಾತು ವಾಪಸ್ ಬರುತ್ತೆ," ಅಂದರು ಡಾಕ್ಟರ್. "ಆದ್ರೆ ನಿನ್ನ ಆ ನೂರೆಂಟು ದನಿ ಬರುತ್ತೋ ಇಲ್ವೋ, ಅದನ್ನ ನಾನು ಹೇಳಕ್ಕಾಗಲ್ಲ."

'ಹಾಗಾದರೆ ಒಳಗಿರುವವರ ಅಂತ್ಯಸಂಸ್ಕಾರಕ್ಕೆ ತಾವೂ ದಯಮಾಡಿಸಬೇಕು' ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಡಾಕ್ಟರ್ ನಗಲಿಲ್ಲ. ಅಮ್ಮ ತಲೆಗೆ ಮೊಟಕಿದಳು.

ಮೂರು ವಾರದ ನಂತರ ನಾನು ಆಡಬೇಕಾದ ಮೊದಲ ಮಾತಿನ ಕರಡು ಸಿದ್ಧಪಡಿಸಲು ಇಂದೇ ಒಂದು ಸಮಿತಿ ರಚಿಸಿದ್ದೇನೆ. ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯ, ಮೂವರೂ ನಾನೇ.

ಜೂನ್ 24

ಅಮ್ಮ ಬೆಳಿಗ್ಗೆ ಎಂಟಕ್ಕೇ ಹಲ್ಲು ಕಟ್ಟುವ ಲ್ಯಾಬಿಗೆ ಹೋಗುತ್ತಾಳೆ. ಊರಿನ ಅರ್ಧದಷ್ಟು ಮುದುಕರು ನಗುವುದು ನಮ್ಮಮ್ಮ ಮಾಡಿದ ಹಲ್ಲಿನಿಂದ. ಅಪ್ಪ ದೂರದ ರೈಲಿನ ಗಾರ್ಡ್, ಈ ತಿಂಗಳಿಡೀ ಬೇರೆ ಕಡೆ ಡ್ಯೂಟಿ. ಹೀಗಾಗಿ ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಅಜ್ಜಿ.

ಅಜ್ಜಿಯ ಕಣ್ಣಿನ ನಡುಭಾಗ ಹೋಗಿ ನಾಲ್ಕು ವರ್ಷವಾಯಿತು. ಅಂಚಿನಲ್ಲಿ ಏನೋ ಮಸುಕು ಕಾಣುತ್ತದಂತೆ, ನೆಟ್ಟಗೆ ನೋಡಿದರೆ ಹೊಗೆ. ಅವಳಿಗೆ ಕಣ್ಣಿಲ್ಲ, ಬಾಯಿದೆ. ನನಗೆ ಕಣ್ಣಿದೆ, ಬಾಯಿಲ್ಲ. ನಾನು ಸ್ಲೇಟಿನಲ್ಲಿ ಬರೆದದ್ದು ಅವಳಿಗೆ ಕಾಣದು, ಅವಳು ಕೇಳಿದ್ದಕ್ಕೆ ನಾನು ಉತ್ತರ ಕೊಡಲಾರೆ. ಅಮ್ಮ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ, "ಒಬ್ಬರನ್ನೊಬ್ಬರು ನೋಡ್ಕೊಳ್ಳಿ," ಅಂದು ಹೋದಳು. ಹೇಳಿದ್ದು ಯಾರಿಗೆ ಅಂತ ಇನ್ನೂ ತೀರ್ಮಾನವಾಗಿಲ್ಲ.

ಅಜ್ಜಿಯೇ ದಾರಿ ಹುಡುಕಿದಳು. "ಮೊಣಕಾಲಿನ ಮೇಲೆ ತಟ್ಟು. ಒಂದು ಸಲ ತಟ್ಟಿದ್ರೆ ಹೂಂ, ಎರಡು ಸಲ ಊಹೂಂ. ಮೂರು ಸಲ ತಟ್ಟಿದ್ರೆ ಹಸಿವು ಅಂತ. ಇನ್ನೇನಿರುತ್ತೆ ನಿಂಗೆ ಹೇಳಕ್ಕೆ?"

ಅವಮಾನ. ತಟ್ಟಿದೆ, ಮೂರು ಸಲ.

ಇಷ್ಟು ವರ್ಷ ಅಜ್ಜಿಯೇ ನನ್ನ ಖಾಸಾ ಬಲಿಪಶು ಎಂಬುದನ್ನು ದಾಖಲಿಸುವುದು ಉಚಿತ. ನಾನು ಬಾಗಿಲು ತಟ್ಟುತ್ತಿದ್ದೆ. ಅಜ್ಜಿ ಒಳಗಿನಿಂದ, "ಯಾರು?" ಅನ್ನುತ್ತಿದ್ದಳು. ನಾನು ಹಾಲಿನವನ ದನಿಯಲ್ಲಿ, "ಹಾಲು, ಅಮ್ಮಾ," ಅಂದರೆ, "ನಿನ್ನೆಯ ಹಾಲಲ್ಲಿ ನೀರೇ ಇತ್ತಲ್ಲಪ್ಪ," ಅಂತ ಶುರು ಹಚ್ಚಿಕೊಳ್ಳುತ್ತಿದ್ದಳು. ವಿಮೆಯ ಏಜೆಂಟನ ದನಿಯಲ್ಲಿ ಒಮ್ಮೆ ಅರ್ಧ ಗಂಟೆ ಮಾತಾಡಿದ್ದೇನೆ. ಆ ವೈಭವ ಮತ್ತೆ ಬರುವುದೇ?

ಜೂನ್ 26

ಆಟಗಳ ಅಂಗಡಿಯಲ್ಲಿ ರಿಯಾಯಿತಿ ಮಾರಾಟ ಶುರು. ಗೋಡೆಗಳಿಲ್ಲದ, ಕಂಪ್ಯೂಟರಿನೊಳಗೇ ಇರುವ ಅಂಗಡಿ. ಎರಡು ವಾರ ಸಾವಿರಾರು ಆಟಗಳು ಕವಡೆ ಕಾಸಿಗೆ. ಅಂದರೆ ನಮ್ಮ ಕಸದ ಕಿರೀಟ ಸ್ಪರ್ಧೆಯ ಕಾಲ.

ಇದರ ನಿಯಮಾವಳಿಯನ್ನು ಮುಂದಿನ ಪೀಳಿಗೆಗಾಗಿ ಬರೆದಿಡುತ್ತೇನೆ. ಮಾರಾಟದ ಮೊದಲ ಪುಟದಲ್ಲಿ ಎಲ್ಲರಿಗೂ ಗೊತ್ತಿರುವ ದೊಡ್ಡ ಆಟಗಳು. ಅತ್ತ ಕಣ್ಣೆತ್ತಿಯೂ ನೋಡಬಾರದು. ತಳಕ್ಕೆ ಇಳಿಯಬೇಕು. ಯಾರೂ ಕೊಳ್ಳದ, ಹತ್ತು ಮಂದಿಯೂ ಅಭಿಪ್ರಾಯ ಬರೆಯದ, ಯಾರೋ ಒಬ್ಬಂಟಿಗ ತನ್ನ ಕೋಣೆಯಲ್ಲಿ ಕೂತು ಮಾಡಿದ ಆಟವನ್ನು ಹೆಕ್ಕಿ ತರಬೇಕು. ಯಾರದು ಎಲ್ಲಕ್ಕಿಂತ ಕಳಪೆಯೋ ಅವರಿಗೆ ಕಿರೀಟ. ಗೆದ್ದ ಆಟದ ಪುಟಕ್ಕೆ ನಮ್ಮ ಗುಂಪಿನ ಏಳೂ ಜನ ಹೋಗಿ ಒಂದೊಂದು ಸನ್ಮಾನಪತ್ರ ಬರೆಯಬೇಕು. ಸನ್ಮಾನ ಅಂದರೆ ಮಂಗಳಾರತಿ.

ಎರಡು ವರ್ಷದಿಂದ ನಾನೇ ಚಕ್ರವರ್ತಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುವ ಸೋಡಾ (ಕನ್ನಡಕದ ದಪ್ಪದಿಂದ ಬಂದ ಬಿರುದು) ಈ ಸಲ ನನ್ನ ಸಿಂಹಾಸನ ಅಲುಗಾಡಿಸುತ್ತೇನೆ ಅಂತ ಸಂದೇಶ ಕಳಿಸಿದ್ದಾನೆ. 'ಮೂಕನ ಮೇಲೆ ಯುದ್ಧ ಸಾರಿದ ಹೇಡಿ' ಎಂದು ಉತ್ತರಿಸಿದೆ.

ಜೂನ್ 27

ಇವತ್ತಿನ ಬೇಟೆ. ಒಂದು ಕುದುರೆ ಆಟ, ಕುದುರೆಗೆ ಎಂಟು ಕಾಲು, ಗೋಡೆಯೊಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ. ಭರವಸೆಯ ಅಭ್ಯರ್ಥಿ.

ಎರಡನೆಯದರಲ್ಲಿ ಖಾಲಿ ಮನೆಯೊಂದರ ಗೋಡೆಯಲ್ಲಿ ವಾಲಿಕೊಂಡ ಪಟಗಳನ್ನು ನೆಟ್ಟಗೆ ಮಾಡಬೇಕು. ಅಷ್ಟೇ. ಬಿದ್ದು ಬಿದ್ದು ನಗಬೇಕೆಂದು ಶುರು ಮಾಡಿದೆ (ಶಬ್ದವಿಲ್ಲದೆ ನಗುವುದು ಹೊಟ್ಟೆಗೆ ಬಹಳ ಶ್ರಮ). ನಾಲ್ಕೈದು ಪಟ ಆದ ಮೇಲೆ ಕಿಟಕಿಯಾಚೆ ನೋಡಿದರೆ, ನಾನು ಒಂದೊಂದು ಪಟ ಸರಿಮಾಡಿದಾಗಲೂ ಎದುರಿನ ಕಟ್ಟಡದಲ್ಲಿ ಒಂದೊಂದು ಮನೆಯ ದೀಪ ಹತ್ತಿದೆ. ಆ ಮನೆಗಳಲ್ಲಿ ಜನ ಬಂದು ಕೂತಿದ್ದಾರೆ. ಇದನ್ನು ಆಟ ಎಲ್ಲೂ ಹೇಳುವುದಿಲ್ಲ. ಕಿಟಕಿಯ ಕಡೆ ತಿರುಗದವನಿಗೆ ಗೊತ್ತೇ ಆಗುವುದಿಲ್ಲ.

ಎಲ್ಲ ಪಟ ಮುಗಿಸಿದೆ. ಸ್ಪರ್ಧೆಗೆ ಅನರ್ಹ. ಸಮಯ ವ್ಯರ್ಥ.

ಜೂನ್ 28

ಇನ್ನೊಂದು ಅನರ್ಹ. ಇದರಲ್ಲಿ ನಾವು ಗಾಳಿ. ತಾರಸಿಯಿಂದ ತಾರಸಿಗೆ ಹೋಗಿ ಒಣಹಾಕಿದ ಬಟ್ಟೆ ಒಣಗಿಸಬೇಕು, ಜೋರಾಗಿ ಬೀಸಿದರೆ ಹಾರಿಹೋಗುತ್ತದೆ. ಒಂದು ಪುಟ್ಟ ಕಾಲುಚೀಲ ಹಾರಿ ಚರಂಡಿಗೆ ಬಿತ್ತು. ಆ ತಾರಸಿಗೆ ಒಬ್ಬಳು ಹೆಂಗಸು ಬಂದು, ಉಳಿದ ಒಂದೇ ಕಾಲುಚೀಲ ಕೈಯಲ್ಲಿ ಹಿಡಿದು ಸುತ್ತ ನೋಡಿದಳು. ನಾನು ಗಾಳಿಯಲ್ಲವೇ, ಏನು ಹೇಳಲಿ? ಆ ತಾರಸಿಯನ್ನು ಮೊದಲಿನಿಂದ ಮತ್ತೆ ಆಡಿದೆ.

ಇಂಥದ್ದನ್ನು ಮಾಡಿದವರು ಯಾರು? ಕೊಂಡವರು ನಾಲ್ಕು ಜನ. ಅದರಲ್ಲಿ ಒಬ್ಬ ನಾನು, ಅದೂ ಲೇವಡಿಗೆಂದು.

ಸೋಡಾ ಕೇಳುತ್ತಿದ್ದಾನೆ, ಏನೂ ಸಿಗಲಿಲ್ಲವಾ ಅಂತ. ಘನತೆಯಿಂದ ಕುದುರೆಯ ಚಿತ್ರ ಕಳಿಸಿದೆ.

ಜೂನ್ 30

ಸಿಕ್ಕಿತು. ಕಿರೀಟ ನನ್ನದೇ.

ಆಟದ ಹೆಸರು ಓ. ಒಂದೇ ಅಕ್ಷರ. ಪುಟದಲ್ಲಿ ಚಿತ್ರವಿರಬೇಕಾದ ಕಡೆ ಕಪ್ಪು ಚೌಕ. ವಿವರಣೆ ಎಂಬಲ್ಲಿ ಯಾವುದೋ ಭಾಷೆಯಿಂದ ಯಂತ್ರ ಅನುವಾದಿಸಿದ ಒಂದೇ ಸಾಲು: 'ದಯವಿಟ್ಟು ನೋಡಬೇಡಿ.' ಅಭಿಪ್ರಾಯಗಳು ಆರು. ಆರೂ ಬೈಗುಳ. 'ಪರದೆ ಕಪ್ಪಾಗಿಯೇ ಇದೆ.' 'ಕೆಟ್ಟಿದೆ.' 'ಮಾಡಿದವನೇ ನೋಡಬೇಡಿ ಅನ್ನುತ್ತಿದ್ದಾನೆ, ಅವನ ಮಾತು ಕೇಳಿ.'

ಹಾಕಿ ನೋಡಿದೆ. ನಿಜ. ಕಗ್ಗತ್ತಲು. ಬಾಣದ ಕೀಲಿ ಒತ್ತಿದರೆ ಎಲ್ಲೋ ಸಣ್ಣ ಸರಪರ ಸದ್ದು. ಹತ್ತು ನಿಮಿಷ ಕತ್ತಲನ್ನೇ ಚಿತ್ರೀಕರಿಸಿ ಗುಂಪಿಗೆ ಕಳಿಸಿದೆ, ಜೊತೆಗೆ ಈ ಒಕ್ಕಣೆ: 'ಕಲಾವಿದರು ಇಲ್ಲಿ ಒಂದು ಇದ್ದಿಲನ್ನು ಒಳಗಿನಿಂದ ಚಿತ್ರಿಸಿದ್ದಾರೆ.' ಏಳು ಜನರ ಗುಂಪಿನಿಂದ ಮೂವತ್ತು ನಗುವಿನ ಮುಖಗಳು ಬಂದವು. ಸೋಡಾ ಸೋಲೊಪ್ಪಿಕೊಂಡ. ಪಟ್ಟಾಭಿಷೇಕ ಮಾರಾಟದ ಕೊನೆಯ ದಿನ.

ಮೊದಲ ಮಾತಿನ ಸಮಿತಿ ಸಭೆ ಸೇರಿತ್ತು. 'ಮಹನೀಯರೇ, ನಾನೆಲ್ಲಿದ್ದೆ?' ಎಂಬುದು ಸದ್ಯದ ಕರಡು.

ಜುಲೈ 1

ಇದನ್ನು ನಿಧಾನವಾಗಿ ಬರೆಯಬೇಕು.

ಸನ್ಮಾನಪತ್ರಕ್ಕೆ ಇನ್ನಷ್ಟು ಸಾಮಗ್ರಿ ಬೇಕೆಂದು ಮಧ್ಯಾಹ್ನ ಮತ್ತೆ ಆ ಕತ್ತಲನ್ನು ಹಾಕಿಕೊಂಡು ಕೂತಿದ್ದೆ. ಹಿಂದೆ ಕುರ್ಚಿಯಲ್ಲಿ ಅಜ್ಜಿ ಬಟಾಣಿ ಬಿಡಿಸುತ್ತಿದ್ದಳು. ಕಾಳುಗಳು ಪಾತ್ರೆಗೆ ಬೀಳುವ ಸದ್ದು ನಿಂತಿತು.

"ಆ ನೀರು ಎಲ್ಲಿದು?" ಅಂದಳು.

ಎದ್ದು ಹೋಗಿ ಅಡುಗೆಮನೆಯ ನಲ್ಲಿ ನೋಡಿ ಬಂದು, ಅವಳ ಮೊಣಕಾಲಿಗೆ ಎರಡು ಸಲ ತಟ್ಟಿದೆ.

"ನಲ್ಲಿ ಅಲ್ವೋ, ನಿನ್ನ ಡಬ್ಬದೊಳಗೆ. ನೀರು ಎಡಗಡೆ ಹರೀತಿದೆ. ಈಗ ಏನು ಒತ್ತಿದೆ? ಇನ್ನೊಂದ್ಸಲ ಒತ್ತು."

ಒತ್ತಿದೆ.

"ಜಲ್ಲಿಕಲ್ಲಿನ ಮೇಲೆ ನಡೀತಿದ್ದೀಯ. ಇನ್ನೊಂದು ಹೆಜ್ಜೆ ಹಾಕು. ಹಾಂ, ನಿಲ್ಲು. ಗೋಡೆಗೆ ಮುಖ ಕೊಟ್ಟು ನಿಂತಿದ್ದೀಯಲ್ಲೋ ಕತ್ತೆ, ಸದ್ದು ವಾಪಸ್ ಬಂದು ಮುಖಕ್ಕೇ ಬಡೀತಿದೆ, ಗೊತ್ತಾಗ್ತಿಲ್ವಾ? ಬಲಕ್ಕೆ ತಿರುಗು."

ತಿರುಗಿದೆ. ಪರದೆ ಎಂದಿನಂತೆ ಕಪ್ಪು. ಆದರೆ ಸರಪರ ಸದ್ದು ಬದಲಾಯಿತು. ಮರದ ಹಲಗೆಯ ಮೇಲೆ ಬರಿಗಾಲು.

"ಸೇತುವೆ," ಅಂದಳು ಅಜ್ಜಿ. ಬಟಾಣಿಯ ಪಾತ್ರೆಯನ್ನು ನೆಲಕ್ಕಿಟ್ಟಳು. "ಹುಷಾರು. ಒಂದು ಹಲಗೆ ಸಡಿಲ ಇದೆ."

ನಾನು ಹೆಡ್‌ಫೋನ್ ತಂದು ಅವಳ ಕಿವಿಗೆ ಹಾಕಿದೆ. ಮೊದಲು ತಲೆ ಕೊಡವಿದಳು. ಆಮೇಲೆ ಎರಡೂ ಕೈ ಗಾಳಿಯಲ್ಲಿ ನಿಧಾನಕ್ಕೆ ಎದ್ದವು, ಕತ್ತಲ ಕೋಣೆಗೆ ಬಂದವರು ಗೋಡೆ ತಡವುವ ಹಾಗೆ. ಅವಳ ಮುಖವನ್ನು ನಾನು ಇಷ್ಟು ಹೊತ್ತು ನೋಡಿದ್ದೇ ಇಲ್ಲ. ನಾಲ್ಕು ವರ್ಷದಿಂದ ಅವಳು ಸುಮ್ಮನೆ ಎತ್ತಲೋ ನೋಡುತ್ತಾ ಕೂರುತ್ತಾಳೆ. ಇವತ್ತು ಅವಳು ಎಲ್ಲಿಗೋ ಹೋಗಿದ್ದಳು.

"ಎಷ್ಟು ದೊಡ್ಡದಿದೆಯೋ ಇದು," ಅಂದಳು. "ಮೇಲೆ ಎಲ್ಲೋ ಬಾವಲಿಗಳಿವೆ. ತುಂಬಾ ದೂರದಲ್ಲಿ, ನೀರಿನ ಆಚೆ, ಯಾರೋ ಕರೀತಿದ್ದಾರೆ. ಓ ಅಂತ."

ದಯವಿಟ್ಟು ನೋಡಬೇಡಿ. ಮಾಡಿದವರು ಎಷ್ಟು ಸ್ಪಷ್ಟವಾಗಿ ಹೇಳಿದ್ದರು. ಆರು ಜನ ಓದಿದರು, ಏಳನೆಯವನಾಗಿ ನಾನೂ ಓದಿದೆ, ಎಲ್ಲರೂ ಪರದೆಯನ್ನೇ ನೋಡುತ್ತಾ ಕೂತೆವು.

ಜುಲೈ 2

ಸೋಡಾನ ಅಂಗಡಿಯಿಂದ ಒಂದೇ ತೂತಿಗೆ ಎರಡು ಹೆಡ್‌ಫೋನ್ ಸಿಕ್ಕಿಸುವ ಕವಲು ವಯರ್ ತರಿಸಿದೆ. ಯಾಕೆಂದು ಹೇಳಲಿಲ್ಲ.

ಈಗ ಕೀಲಿ ನನ್ನದು, ಕಿವಿ ಅಜ್ಜಿಯದು. ಕಣ್ಣು ಮುಚ್ಚಿಕೊಂಡೆ. ಮೊದಲ ಐದು ನಿಮಿಷ ಬರೀ ಗದ್ದಲ. ಆಮೇಲೆ ಯಾವಾಗಲೋ ಗೋಡೆಗಳು ಎದ್ದು ನಿಂತವು. ಬೇರೆ ಹೇಗೆ ಹೇಳುವುದು ಗೊತ್ತಿಲ್ಲ. ನೆತ್ತಿಯ ಮೇಲೆ ಎತ್ತರ ಇತ್ತು. ಬಲಗೆನ್ನೆಯ ಹತ್ತಿರ ಕಲ್ಲಿನ ಕಂಬವೊಂದು ಹಾದುಹೋಯಿತು, ತಣ್ಣಗೆ. ಹೆಡ್‌ಫೋನಿನಲ್ಲಿ ತಣ್ಣಗಿರುವುದು ಏನೂ ಇಲ್ಲ ಅಂತ ಗೊತ್ತು. ಆದರೂ ತಣ್ಣಗೆ.

ಇಡೀ ಒಂದು ಜಾಗವನ್ನು ಯಾರೋ ಹನಿ, ಹೆಜ್ಜೆ, ರೆಕ್ಕೆಗಳಿಂದಲೇ ಕಟ್ಟಿದ್ದಾರೆ. ಬಣ್ಣ ಇಲ್ಲ, ಗೆರೆ ಇಲ್ಲ. ಎಷ್ಟು ವರ್ಷ ಕೂತಿರಬಹುದು? ಅವರಿಗೆ ಕಣ್ಣಿದೆಯೋ ಇಲ್ಲವೋ?

ಒಂದು ಕಡೆ ದಾರಿ ನಿಂತಿತು. ಎತ್ತ ಹೋದರೂ ಏನೂ ಇಲ್ಲ, ಸದ್ದೇ ಇಲ್ಲದ ಬಯಲು. ಆ ದೂರದ ದನಿ ಮತ್ತೆ ಕರೆದು ಸುಮ್ಮನಾಯಿತು, ಯಾರೋ ಉತ್ತರಕ್ಕೆ ಕಾಯುವ ಹಾಗೆ.

"ನಾವು ಓಗೊಡಬೇಕು ಕಣೋ," ಅಂದಳು ಅಜ್ಜಿ. ಕಂಪ್ಯೂಟರಿನ ಮೈಕಿನ ದೀಪ ಹತ್ತಿತ್ತು, ನಾನು ಗಮನಿಸಿರಲಿಲ್ಲ. ಅಜ್ಜಿ ಗಂಟಲು ಸರಿಮಾಡಿಕೊಂಡು ತನ್ನ ಸಣ್ಣ ದನಿಯಲ್ಲಿ, "ಓ," ಅಂದಳು.

ಸುತ್ತಲಿನ ಕಲ್ಲುಗಳೆಲ್ಲ ಒಂದೊಂದಾಗಿ ಅವಳ ದನಿಯಲ್ಲೇ ಓ ಅಂದವು. ಹತ್ತಿರದ್ದು ಬೇಗ, ಆಚಿನದು ತಡವಾಗಿ. ಅವುಗಳ ನಡುವೆ ಎಲ್ಲಿ ಉತ್ತರ ಬರಲಿಲ್ಲವೋ ಅಲ್ಲಿ ದಾರಿ.

ಕೂಗಲು ನನ್ನ ಬಾಯಿ ತಾನಾಗಿಯೇ ತೆರೆಯಿತು. ಕೈಯಿಂದ ಬಾಯಿ ಮುಚ್ಚಿಕೊಂಡೆ.

ಜುಲೈ 4

ಗುಂಪಿಗೆ ಬರೆದೆ. ಓ ಕಸವಲ್ಲ, ಕಣ್ಣಿಲ್ಲದವರೂ ಆಡಬಹುದಾದ ಆಟ, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಆಡಿ, ಕಿರೀಟದಿಂದ ಅದನ್ನು ಕೈಬಿಡಿ, ಅಂತ. ಒಂದು ತಮಾಷೆಯ ಶಬ್ದವೂ ಇಲ್ಲದೆ ಬರೆದೆ. ಬೆರಳು ನೋಯುವಷ್ಟು.

ಅರ್ಧ ನಿಮಿಷದಲ್ಲೇ ನಗುವಿನ ಪ್ರವಾಹ. ಇದೇ ನನ್ನ ಅತಿ ಶ್ರೇಷ್ಠ ಕೀಟಲೆಯಂತೆ. ಕಪ್ಪು ಪರದೆ ಮುಂದೆ ಆರು ಜನರನ್ನು ಕಣ್ಣು ಮುಚ್ಚಿ ಕೂರಿಸುವ ಐಡಿಯಾ ಯಾರಿಗೆ ಬರುತ್ತದೆ, ಗುರುಗಳೇ ಶರಣು, ಇತ್ಯಾದಿ. ನಾನು ಎಷ್ಟು ಆಣೆ ಹಾಕಿದರೆ ಅಷ್ಟು ನಗು. ಒಬ್ಬನಂತೂ ಸನ್ಮಾನಪತ್ರವನ್ನು ಈಗಲೇ ಬರೆದಿಟ್ಟಿದ್ದಾನೆ.

ಮಾತಾಡಲು ಬರುತ್ತಿದ್ದರೆ ನಂಬಿಸುತ್ತಿದ್ದೆನಾ? ಯಾರ ದನಿಯಲ್ಲಿ?

ಜುಲೈ 5

ಸೋಡಾನನ್ನು ಮನೆಗೆ ಕರೆಸಿದೆ, ಕೀಬೋರ್ಡ್ ಕೆಟ್ಟಿದೆ ಎಂಬ ಸುಳ್ಳು ಹೇಳಿ. ಹುಡುಗ ಸ್ಕ್ರೂಡ್ರೈವರ್ ಹಿಡಿದೇ ಬಂದ. ಅಜ್ಜಿಗೆ ಬೆಳಿಗ್ಗೆಯೇ ಅಮ್ಮನ ಮೂಲಕ ಎಲ್ಲ ಹೇಳಿಸಿದ್ದೆ.

"ಬಾಪ್ಪ, ಕೂತ್ಕೋ," ಅಂದಳು ಅಜ್ಜಿ. "ಕನ್ನಡಕ ತೆಗಿ."

"ತೆಗೆದ್ರೆ ನಂಗೇನೂ ಕಾಣಲ್ಲ ಅಜ್ಜಿ."

"ಅದಕ್ಕೇ ತೆಗಿ ಅಂದಿದ್ದು."

ಅವನ ಕಣ್ಣಿಗೆ ಟವೆಲ್ ಕಟ್ಟಿ, ಹೆಡ್‌ಫೋನ್ ಹಾಕಿ, ಅಜ್ಜಿಯ ಪಕ್ಕ ಕೂರಿಸಿ, ಕೀಲಿಗಳನ್ನು ಅವನ ಬೆರಳಿಗೇ ಕೊಟ್ಟೆ. ನಾನು ಅಜ್ಜಿಯ ಹೆಡ್‌ಫೋನಿಗೆ ಕಿವಿ ತಾಗಿಸಿ ನಿಂತೆ. "ಏನ್ರೋ ಇದು, ನನ್ನ ಅಪಹರಣ ಮಾಡ್ತಿದ್ದೀರಾ?" ಅಂದ. ಸೇತುವೆಯವರೆಗೂ ವಟವಟ ಅನ್ನುತ್ತಲೇ ಇದ್ದ. ಸಡಿಲ ಹಲಗೆಯ ಮೇಲೆ ಕಾಲಿಟ್ಟಾಗ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅಜ್ಜಿ ಓ ಅಂದಾಗ, ಕಲ್ಲುಗಳು ಉತ್ತರಿಸಿದಾಗ, ಸೋಡಾ ಟವೆಲ್ಲಿನ ಕೆಳಗೆ ಬಾಯಿ ತೆರೆದುಕೊಂಡಿದ್ದ.

ಇಬ್ಬರೂ ಕೂಡಿ ನನಗಿಂತ ಮುಂದೆ ಹೋದರು. ನೀರಿನ ಅಂಚಿಗೆ ಬಂದು ನಿಂತರು. ಆಚೆ ದಡದಿಂದ ಆ ದನಿ ಈಗ ಸ್ಪಷ್ಟ. ಅಜ್ಜಿ ಎಷ್ಟು ಕೂಗಿದರೂ ಅದಕ್ಕೆ ತಲುಪಲಿಲ್ಲ. ಹತ್ತಿರದ ಬಂಡೆಗಳು ಮಾತ್ರ ಓ ಅಂದವು. ಆಗ ಸೋಡಾಗೆ ಕೆಮ್ಮು ಬಂತು, ಅವನ ಒಡೆದ ಡೋಲಿನಂಥ ಕೆಮ್ಮು. ದೂರದಲ್ಲಿ ಏನೋ ಅಲುಗಿತು. ಹಗ್ಗ ಬಿಗಿಯಾದ ಹಾಗೆ, ಮರ ಮರಕ್ಕೆ ಉಜ್ಜಿದ ಹಾಗೆ.

"ದೋಣಿ," ಅಂದಳು ಅಜ್ಜಿ. "ಸಣ್ಣ ದನಿ ಕಲ್ಲಿಗೆ. ದಪ್ಪ ದನಿ ಮಾತ್ರ ನೀರು ದಾಟುತ್ತೆ."

"ನಾನು ಕೂಗ್ಲಾ ಅಜ್ಜಿ?"

"ಬೇಡ." ಅವನ ಭುಜದ ಮೇಲೆ ಕೈಯಿಟ್ಟಳು. "ಅದು ಅವನ ಪಾಲು. ಎತ್ತಿಟ್ಟಿರೋಣ."

ನನ್ನ ದನಿ ದಪ್ಪವೇ ಅಲ್ಲ. ಮಗು, ಲಿಫ್ಟು, ಹಾಲಿನವನು, ಎಲ್ಲರೂ ಮೇಲಿನ ಶ್ರುತಿಯವರೇ. ಅದನ್ನು ಅವಳಿಗೆ ತಟ್ಟಿ ಹೇಳುವುದು ಹೇಗೆ? ಎರಡು ಸಲ ತಟ್ಟಿದೆ. ಅವಳು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಸೋಡಾ ಹೊರಡುವಾಗ ಕನ್ನಡಕ ಹಾಕಿಕೊಳ್ಳುವುದನ್ನು ಮರೆತು ಮೆಟ್ಟಿಲಿನ ತನಕ ಹೋಗಿದ್ದ. "ಸುಳ್ಳು ಅಂದ್ಕೊಂಡಿದ್ದೆ ಕಣೋ," ಅಂದ. "ಗುಂಪಿಗೆ ನಾನು ಹೇಳ್ತೀನಿ. ನನ್ನನ್ನ ನಂಬ್ತಾರೆ, ನಂಗೆ ಸುಳ್ಳು ಹೇಳೋ ಅಷ್ಟು ಬುದ್ಧಿ ಇಲ್ಲ ಅಂತ ಎಲ್ರಿಗೂ ಗೊತ್ತು."

ಜುಲೈ 7

ಮನೆ ಬೆಳಿಗ್ಗೆ ಹೀಗಿರುತ್ತದೆ. ಮೊದಲು ಫ್ರಿಜ್ಜಿನ ಗುಂಯ್. ಆಮೇಲೆ ಅಮ್ಮನ ಬೀಗದ ಕೈ ಗೊಂಚಲು, ಅದರಲ್ಲಿ ಒಂದು ಚಾವಿಗೆ ಮಾತ್ರ ಬೇರೆ ಶ್ರುತಿ. ಕೆಳಗಿನ ಮನೆಯ ಮುದುಕರು ಸೀನುವ ಮೊದಲು ಕುರ್ಚಿ ಹಿಂದಕ್ಕೆ ಎಳೆಯುತ್ತಾರೆ. ಇಷ್ಟು ವರ್ಷ ಸೀನನ್ನು ಮಾತ್ರ ಕದ್ದಿದ್ದೆ, ಕುರ್ಚಿ ಬಿಟ್ಟಿದ್ದೆ.

ಅಜ್ಜಿಗೆ ಉಣ್ಣೆ ಸುತ್ತಲು ಕೈ ಕೊಟ್ಟು ಕೂತಿದ್ದೆ. ಅವಳು ತನ್ನ ಟೆಲಿಫೋನ್ ಎಕ್ಸ್‌ಚೇಂಜಿನ ಕಾಲದ ಮಾತು ತೆಗೆದಳು. ವಯರು ಚುಚ್ಚಿ ಚುಚ್ಚಿ ಜನರನ್ನು ಜೋಡಿಸುವ ಕೆಲಸ. ಹಲೋ ಅನ್ನುವ ಮೊದಲೇ ಯಾರೆಂದು ಗೊತ್ತಾಗುತ್ತಿತ್ತಂತೆ, ಉಸಿರಿನಿಂದಲೇ.

ನನಗೊಂದು ಘೋರ ಅನುಮಾನ ಹುಟ್ಟಿತು. ಅವಳ ಕೈ ಹಿಡಿದು ಬಾಗಿಲ ಕಡೆ ತೋರಿಸಿದೆ, ನನ್ನ ಗಂಟಲ ಮೇಲೆ ಇಟ್ಟೆ.

"ಅದಾ?" ಅಂದಳು, ಉಣ್ಣೆ ಸುತ್ತುತ್ತಲೇ. "ಗೊತ್ತಿತ್ತು ಮಾರಾಯ. ಯಾವಾಗ್ಲೂ ಗೊತ್ತಿತ್ತು. ಬೇರೆಯವರಾಗೋ ಮುಂಚೆ ಒಂದು ಉಸಿರು ಎಳ್ಕೊಳ್ತೀಯ, ಮೂಗಿಂದ."

ಎಲ್ಲವೂ? ಹಾಲಿನವನು? ಅರ್ಧ ಗಂಟೆಯ ವಿಮೆ?

"ಅಷ್ಟು ಕಷ್ಟಪಟ್ಟು ಬಂದಿರ್ತಿದ್ದೆ, ಹೇಗೆ ವಾಪಸ್ ಕಳಿಸೋದು? ಒಂದೇ ಬೇಜಾರು ನಂಗೆ." ದಾರ ಗಂಟಾಗಿತ್ತು, ಬಿಡಿಸಿದಳು. "ಕಣ್ಣು ಹೋದ ಮೇಲೆ ಮನೆಗೆ ಎಷ್ಟೆಲ್ಲ ಜನ ಬಂದ್ರು. ನೀನೊಬ್ಬ ಬರಲಿಲ್ಲ. ಬೇರೆಯವರನ್ನೇ ಕಳಿಸ್ತಿದ್ದೆ."

ಮೊದಲ ಮಾತಿನ ಸಮಿತಿಯ ಸಭೆ ಅನಿರ್ದಿಷ್ಟ ಕಾಲ ಮುಂದಕ್ಕೆ ಹೋಗಿದೆ.

ಜುಲೈ 9

ಮಾರಾಟದ ಕೊನೆಯ ದಿನ. ಸೋಡಾ ಎರಡು ದಿನ ಗುಂಪಿನ ಪ್ರತಿಯೊಬ್ಬರ ಮನೆಗೂ ಟವೆಲ್ ಹಿಡಿದುಕೊಂಡು ಹೋಗಿದ್ದಾನೆ. ಕಿರೀಟ ಎಂಟು ಕಾಲಿನ ಕುದುರೆಗೆ ಪ್ರಕಟವಾಯಿತು. ಆದರೆ ಸನ್ಮಾನಪತ್ರ ಬರೆಯಲು ಯಾರೂ ಹೋಗಲಿಲ್ಲ. ಯಾರೋ ಅಂದರು, ಎಂಟು ಕಾಲಿಗೂ ಏನಾದರೂ ಕಾರಣ ಇದ್ದರೆ?

ನಾನು ಓ ಆಟದ ಪುಟಕ್ಕೆ ಹೋದೆ. ದೊಡ್ಡದಾಗಿ ಏನೇನೋ ಬರೆದು ಅಳಿಸಿದೆ. ಕೊನೆಗೆ ಉಳಿದದ್ದು: 'ನೋಡಬೇಡಿ. ಕೇಳಿ. ನಮ್ಮಜ್ಜಿ ದಾರಿ ತೋರಿಸಿದಳು.'

ಸಂಜೆಯ ಹೊತ್ತಿಗೆ ಅದರ ಕೆಳಗೆ ಆಟ ಮಾಡಿದವರ ಉತ್ತರ ಬಂದಿತ್ತು. ಒಂದೇ ಅಕ್ಷರ. ಓ.

ಅಜ್ಜಿಗೆ ಅದನ್ನು ಅಮ್ಮ ಓದಿ ಹೇಳಿದಳು. "ಎಲ್ಲಿಂದ ಕೂಗ್ತಿದ್ದಾರೋ ಪಾಪ," ಅಂದಳು ಅಜ್ಜಿ.

ಜುಲೈ 13

ಡಾಕ್ಟರ್ ಕನ್ನಡಿಯಿಟ್ಟು ಗಂಟಲೊಳಗೆ ನೋಡಿದರು. "ಚೆನ್ನಾಗಿ ಮಾಗಿದೆ. ಏನಾದ್ರೂ ಹೇಳು, ಮೆಲ್ಲಗೆ."

ಸಮಿತಿಯ ಕರಡುಗಳೆಲ್ಲ ಮರೆತುಹೋಗಿದ್ದವು. ಆ ಅಂದೆ. ತುಕ್ಕು ಹಿಡಿದ ಗೇಟು ತೆರೆದ ಸದ್ದು. ಇನ್ನೊಮ್ಮೆ ಅಂದೆ. ಗೇಟೇ, ಆದರೆ ದೊಡ್ಡ ಗೇಟು. ಎಲ್ಲೋ ಕೆಳಗಿನಿಂದ, ಎದೆಯಿಂದ ಬರುತ್ತಿತ್ತು.

ಹಾಲಿನವನನ್ನು ಕರೆದೆ. ಬರಲಿಲ್ಲ. ಮಗುವನ್ನು ಕರೆದೆ, ಬರೀ ಗಾಳಿ.

"ಮೇಲಿನ ದನಿಗಳು ಇನ್ನು ಕಷ್ಟ," ಅಂದರು ಡಾಕ್ಟರ್. "ಬಲವಂತ ಮಾಡಿದ್ರೆ ಇದೂ ಹೋಗುತ್ತೆ. ಇರೋದನ್ನ ಇಟ್ಕೋ."

ಆಟೋದಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡೇ ಇದ್ದಳು. ಇಬ್ಬರೂ ಮಾತಾಡಲಿಲ್ಲ. ಅವಳಿಗಂತೂ ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ.

ಜುಲೈ 14

ಬಾನುಲಿಯವರಿಗೆ ಬರೆದೆ, ನೂರೆಂಟು ಜನ ಊರು ಬಿಟ್ಟಿದ್ದಾರೆ ಅಂತ.

ಇಡೀ ದಿನ ತುಟಿ ತೆರೆಯಲಿಲ್ಲ. ಅಜ್ಜಿ ಮಾತಾಡಿಸಲೂ ಇಲ್ಲ. ಮೊಣಕಾಲು ಮುಂದಕ್ಕೆ ಚಾಚಿ ಕೂತಿದ್ದಳು, ತಟ್ಟುವುದಿದ್ದರೆ ತಟ್ಟು ಅನ್ನುವ ಹಾಗೆ. ಸಂಜೆಗೆ ಹೋಗಿ ಮೂರು ಸಲ ತಟ್ಟಿದೆ.

"ಸದ್ಯ," ಅಂದಳು.

ಜುಲೈ 15

"ಬಾ," ಅಂದಳು ಅಜ್ಜಿ ಬೆಳಿಗ್ಗೆ, ಅಮ್ಮ ಹೊರಟ ಮೇಲೆ. "ಎತ್ತಿಟ್ಟಿದ್ದೀವಲ್ಲ, ಹಳಸಿ ಹೋಗುತ್ತೆ."

ಎರಡು ಹೆಡ್‌ಫೋನ್, ಒಂದು ಕವಲು ವಯರ್. ಕಣ್ಣು ಮುಚ್ಚಿದೆ. ಜಲ್ಲಿಕಲ್ಲು, ಸೇತುವೆ, ಕಂಬಗಳು. ಅಜ್ಜಿ ಕೂಗುತ್ತಾ ದಾರಿ ತೋರಿಸಿದಳು, ನಾನು ನಡೆದೆ. ನೀರಿನ ಅಂಚು ಬಂತು. ಇಲ್ಲಿ ಎದುರಿಗೆ ಗೋಡೆ ಇಲ್ಲ, ಮೇಲೆ ಮಾಡು ಇಲ್ಲ. ಎಷ್ಟು ಅಗಲವೆಂದರೆ ಉಸಿರು ಹಿಡಿಯಬೇಕೆನಿಸುತ್ತದೆ. ಆಚೆ ದಡದಿಂದ ಕರೆ ಬಂತು. ನಿಂತಿತು. ಕಾಯುತ್ತಿತ್ತು.

ಮೂಗಿನಿಂದ ಉಸಿರೆಳೆದುಕೊಂಡೆ, ಅಭ್ಯಾಸಬಲ. ಪಕ್ಕದಲ್ಲಿ ಅಜ್ಜಿ ಸಣ್ಣಗೆ ಕೆಮ್ಮಿದಳು. ಆ ಉಸಿರನ್ನು ಹಾಗೇ ಬಿಟ್ಟೆ. ಇನ್ನೊಂದು ತಗೊಂಡೆ, ಸುಮ್ಮನೆ.

"ಓ," ಅಂದೆ.

ಗೇಟು ತೆರೆದ ಸದ್ದು. ಹತ್ತಿರದ ಕಲ್ಲು ಒಂದೂ ಉತ್ತರಿಸಲಿಲ್ಲ. ದನಿ ಅವುಗಳನ್ನು ದಾಟಿ ನೀರಿನ ಮೇಲೆ ಹೊರಟಿತು. ಹೋಗುತ್ತಾ ಇತ್ತು, ಹೋಗುತ್ತಲೇ ಇತ್ತು, ಕಳೆದೇಹೋಯಿತು ಅಂದುಕೊಂಡೆ. ಆಗ ಅಲ್ಲಿಂದ, ಅಷ್ಟು ದೂರದಿಂದ, ಯಾರೋ ಓಗೊಟ್ಟರು. ಯಾರಿದು ಅಂತ ತಬ್ಬಿಬ್ಬಾದೆ. ಹಾಲಿನವನಲ್ಲ, ಏಜೆಂಟ್ ಅಲ್ಲ, ಈ ಗೇಟಿನ ದನಿಯನ್ನು ನಾನು ಯಾರಿಂದಲೂ ಕದ್ದಿರಲಿಲ್ಲ. ಹಗ್ಗ ಬಿಚ್ಚಿದ ಸದ್ದು. ಹುಟ್ಟು ನೀರಿಗೆ ಬಿದ್ದಿತು, ಎದ್ದಿತು, ಬಿದ್ದಿತು. ದೋಣಿ ಕತ್ತಲಲ್ಲಿ ನಮ್ಮ ಕಡೆಗೇ ಬರುತ್ತಿತ್ತು, ಅವಸರವಿಲ್ಲದೆ, ಕೊನೆಗೆ ಅದರ ಮೂತಿ ನಮ್ಮ ಕಾಲ ಬಳಿಯ ಮರಳಿಗೆ ತಾಗಿತು. ಆಟ ಅಲ್ಲಿಗೆ ಮುಗಿಯಿತು. ಗೆದ್ದಿರಿ ಅಂತ ಏನೂ ಇಲ್ಲ. ನೀರು ದೋಣಿಯ ಹೊಟ್ಟೆಗೆ ಬಡಿಯುತ್ತಾ ಇತ್ತು, ಅಷ್ಟೇ. ತುಂಬಾ ಹೊತ್ತು ಇಬ್ಬರೂ ಹೆಡ್‌ಫೋನ್ ತೆಗೆಯಲಿಲ್ಲ.

ಮಧ್ಯಾಹ್ನ ಕಸ ಹಾಕಿ ಬರಲು ಕೆಳಗೆ ಇಳಿದಿದ್ದೆ. ವಾಪಸ್ ಬಂದಾಗ ಬಾಗಿಲು ಮುಂದಕ್ಕೆ ಹಾಕಿತ್ತು. ಚಿಲಕ ಇರಲಿಲ್ಲ, ತಳ್ಳಿದರೆ ತೆರೆಯುತ್ತಿತ್ತು. ತಟ್ಟಿದೆ.

"ಯಾರು?" ಅಂದಳು ಅಜ್ಜಿ ಒಳಗಿನಿಂದ.

"ನಾನು."

ಬಟಾಣಿ ಪಾತ್ರೆಗೆ ಬೀಳುವುದು ನಿಂತಿತು.

"ಯಾರು? ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳು."

ಅಜ್ಜಿಗೆ ಕೇಳಿಸದ ಸದ್ದು ಈ ಮನೆಯಲ್ಲಿ ಇದುವರೆಗೆ ಹುಟ್ಟಿಲ್ಲ. ಆದರೂ ಇನ್ನೊಂದು ಸಲ ಹೇಳಿದೆ.